ಮೊದಲು ನಮ್ಮ ಕಣ್ಣಿನ ತೊಲೆ: ಆತ್ಮಶೋಧನೆ, ತೀರ್ಪು, ಕರುಣೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲೆಂಟ್ (ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ) ಶುರುವಾದರೆ ಈ ಪ್ರಶ್ನೆಗಳು ಬಂದೇ ಬರುತ್ತವೆ. ಕೆಲವರು ಬೈಬಲ್ ಸ್ಟಡಿಯಲ್ಲಿ ಎಲ್ಲರ ಮುಂದೆ ಕೇಳುತ್ತಾರೆ. ಕೆಲವರು ಎಲ್ಲ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ಮೆಲ್ಲಗೆ ಕೇಳುತ್ತಾರೆ. ಈ ಎರಡನೆಯವರ ಪ್ರಶ್ನೆಗಳೇ ಸಾಮಾನ್ಯವಾಗಿ ಹೆಚ್ಚು ಅಸಲಿ. ಇಲ್ಲಿ ಎರಡೂ ಇವೆ. ಕ್ಯಾಥೊಲಿಕ್, ಸಿಎಸ್‌ಐ (ದಕ್ಷಿಣ ಭಾರತ ಸಭೆ), ಪೆಂಟೆಕೋಸ್ಟ್, ಯಾವ ಸಭೆಯವರಾದರೂ ಓದಬಹುದು.

ಆತ್ಮಶೋಧನೆ ಅಂದರೆ ದಿನಾ ಕೂತು ಪಾಪ ಎಣಿಸುವುದಾ?

ಅಲ್ಲ. ದೇವರ ಮುಂದೆ ಕೂತು, ಈ ದಿನ ನಾನು ಹೇಗೆ ಬದುಕಿದೆ ಎಂದು ನೋಡಿಕೊಳ್ಳುವುದು. "ದೇವರ ಮುಂದೆ" ಎನ್ನುವುದನ್ನು ಬಿಡಬೇಡಿ. ನಮ್ಮಷ್ಟಕ್ಕೆ ನಾವೇ ಕೂತು ವಿಚಾರಣೆ ಮಾಡಿಕೊಂಡರೆ ಎರಡರಲ್ಲಿ ಒಂದಾಗುತ್ತದೆ. ನಮ್ಮ ಪರವಾಗಿ ನಾವೇ ವಾದ ಮಾಡಿ ಗೆದ್ದುಬಿಡುತ್ತೇವೆ, ಇಲ್ಲಾ ನಮ್ಮನ್ನು ನಾವೇ ಬೈದುಕೊಂಡು ಸುಸ್ತಾಗುತ್ತೇವೆ. 139ನೇ ಕೀರ್ತನೆಯ ಕೊನೆ ನೋಡಿ. ಅಲ್ಲಿ ಕೀರ್ತನೆಗಾರ ಪರೀಕ್ಷೆ ಮಾಡುವ ಕೆಲಸವನ್ನು ದೇವರಿಗೇ ಬಿಡುತ್ತಾನೆ. ನನ್ನನ್ನು ಪರೀಕ್ಷಿಸು, ನನ್ನ ಹೃದಯ ತಿಳಿದುಕೋ, ಕೇಡಿನ ದಾರಿ ಇದೆಯೋ ನೋಡು ಎಂದು ಕೇಳುತ್ತಾನೆ.

ಇದು ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ನಾನು ನಂಬುವ ಗುರುತು ಒಂದೇ. ಮಾರನೇ ದಿನ ಮನೆಯವರು ತಪ್ಪು ಮಾಡಿದಾಗ ನಿಮ್ಮ ದನಿ ಸ್ವಲ್ಪ ತಗ್ಗಿತಾ? ಪ್ರಾರ್ಥನೆ, ಉಪವಾಸ ಜಾಸ್ತಿ ಆದ ಹಾಗೆ ಅಕ್ಕಪಕ್ಕದವರ ಮೇಲೆ ತಾತ್ಸಾರವೂ ಜಾಸ್ತಿ ಆಗುತ್ತಿದ್ದರೆ ಎಲ್ಲೋ ದಾರಿ ತಪ್ಪಿದೆ. ಲೂಕ 18ರಲ್ಲಿ ಯೇಸು ಹೇಳುವ ಕಥೆಯಲ್ಲಿ ಒಬ್ಬ ಫರಿಸಾಯ (ಧರ್ಮನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಗಡದವ), ಒಬ್ಬ ಸುಂಕ ವಸೂಲಿಗಾರ ಪ್ರಾರ್ಥನೆಗೆ ಬರುತ್ತಾರೆ. ಆ ಫರಿಸಾಯ ಹೇಳಿದ್ದರಲ್ಲಿ ಸುಳ್ಳಿತ್ತು ಎಂದು ಯೇಸು ಎಲ್ಲೂ ಹೇಳುವುದಿಲ್ಲ. ವಾರಕ್ಕೆ ಎರಡು ಸಲ ಉಪವಾಸ ಮಾಡುತ್ತಿದ್ದ, ಸಂಪಾದನೆಯಲ್ಲಿ ಹತ್ತರಲ್ಲೊಂದು ಪಾಲು ಕೊಡುತ್ತಿದ್ದ. ಊರಿನ ಮರ್ಯಾದಸ್ಥ, ನಿಜವಾದ ಭಕ್ತ. ಆದರೆ ಪ್ರಾರ್ಥನೆಯ ನಡುವೆ ಅವನ ಕಣ್ಣು ಹಿಂದೆ ನಿಂತಿದ್ದ ಸುಂಕದವನ ಕಡೆ ಹೋಯಿತು. ಸುಂಕದವ ಯಾರ ಕಡೆಗೂ ನೋಡಲಿಲ್ಲ. ಎದೆ ಬಡಿದುಕೊಂಡು ಪಾಪಿಯಾದ ನನ್ನನ್ನು ಕರುಣಿಸು ಎಂದ. ದೇವರ ಕಣ್ಣಿಗೆ ಸರಿಯಾದವನಾಗಿ ಮನೆಗೆ ಹೋದದ್ದು ಇವನೇ.

"ತೀರ್ಪು ಮಾಡಬೇಡಿ" ಎಂದು ಯೇಸು ಹೇಳಿದ್ದಾರಲ್ಲ, ಹಾಗಾದರೆ ತಪ್ಪನ್ನು ತಪ್ಪು ಅನ್ನಲೇಬಾರದಾ?

ಅನ್ನಬಹುದು, ಕೆಲವು ಸಲ ಅನ್ನಲೇಬೇಕು. ಮತ್ತಾಯ 7ರ ಮೊದಲ ವಚನ ಎಲ್ಲರಿಗೂ ಬಾಯಿಪಾಠ. ಐದನೇ ವಚನದ ತನಕ ಹೋಗುವವರು ಕಡಿಮೆ. ಅಲ್ಲಿ ಯೇಸು ಸಹೋದರನ ಕಣ್ಣಿನ ರವೆ ಹಾಗೇ ಇರಲಿ ಎನ್ನುವುದಿಲ್ಲ. ಮೊದಲು ನಿನ್ನ ಕಣ್ಣಿನ ತೊಲೆ ತೆಗೆ, ಆಮೇಲೆ ಅವನ ರವೆ ತೆಗೆಯಲು ಚೆನ್ನಾಗಿ ಕಾಣುತ್ತದೆ ಎನ್ನುತ್ತಾರೆ. ಅಂದರೆ ರವೆ ತೆಗೆಯುವ ಕೆಲಸ ಇದ್ದೇ ಇದೆ. ಸರದಿ ಮಾತ್ರ ಬೇರೆ. (ತೊಲೆ ಎಂದರೆ ಚಾವಣಿ ಹೊರುವ ಮರ. ಅದನ್ನು ಕಣ್ಣಲ್ಲಿ ಇಟ್ಟುಕೊಂಡು ಇನ್ನೊಬ್ಬನ ಕಣ್ಣಿನ ಧೂಳು ಹುಡುಕುವವನ ಚಿತ್ರ ಕೇಳಿ ಆ ಜನ ನಕ್ಕಿರಬೇಕು. ನಾವು ಗಂಭೀರವಾಗಿ ಓದಿ ಓದಿ ಆ ತಮಾಷೆಯನ್ನೇ ಕಳೆದುಕೊಂಡಿದ್ದೇವೆ.)

ಯೋಹಾನ 7:24ರಲ್ಲಿ ಅದೇ ಯೇಸು ತೋರಿಕೆ ನೋಡಿ ತೀರ್ಪು ಮಾಡಬೇಡಿ, ನ್ಯಾಯವಾಗಿ ಮಾಡಿ ಎನ್ನುತ್ತಾರೆ. ಕೊರಿಂಥದ ಸಭೆಯಲ್ಲಿ ಒಬ್ಬ ತಂದೆಯ ಹೆಂಡತಿಯನ್ನೇ ಇಟ್ಟುಕೊಂಡಿದ್ದಾಗ, ಸುಮ್ಮನಿದ್ದ ಸಭೆಯನ್ನು ಅಪೊಸ್ತಲ ಪೌಲ ಪತ್ರ ಬರೆದು ತರಾಟೆಗೆ ತೆಗೆದುಕೊಳ್ಳುತ್ತಾನೆ.

ಹಾಗಾದರೆ ಗೆರೆ ಎಲ್ಲಿ? ಮಾಡಿದ ಕೆಲಸದ ಬಗ್ಗೆ ಮಾತಾಡುವುದು ಬೇರೆ, ಮನುಷ್ಯನ ಮೇಲೆ ಷರಾ ಬರೆಯುವುದು ಬೇರೆ. "ಕಮಿಟಿ ದುಡ್ಡಿಗೆ ಅವರು ಇನ್ನೂ ಲೆಕ್ಕ ಕೊಟ್ಟಿಲ್ಲ" ಎಂಬ ಮಾತನ್ನು ಪುಸ್ತಕ ತೆಗೆದು ನೋಡಬಹುದು. ಸುಳ್ಳಾಗಿದ್ದರೆ ಅಲ್ಲಿಗೆ ಮುಗಿಯುತ್ತದೆ. "ಅವನು ಮೊದಲಿಂದಲೂ ಹಾಗೇ, ಅವರ ಮನೆತನವೇ ಹಾಗೆ" ಎಂಬ ಮಾತನ್ನು ಎಲ್ಲಿ ತೆಗೆದು ನೋಡುತ್ತೀರಿ? ಅವನ ಒಳಗಿನ ಉದ್ದೇಶ ಏನು, ಮುಂದೆ ಬದಲಾಗುತ್ತಾನೋ ಇಲ್ಲವೋ, ದೇವರು ಅವನನ್ನು ಒಪ್ಪುತ್ತಾನೋ ಇಲ್ಲವೋ, ಇದೆಲ್ಲ ನಮಗೆ ಗೊತ್ತಾಗುವಂಥದ್ದಲ್ಲ. ಇನ್ನೊಬ್ಬರ ಮನೆಯ ಆಳಿನ ಬಗ್ಗೆ ತೀರ್ಪು ಮಾಡಲು ನೀನು ಯಾರು ಎಂದು ರೋಮಾಪುರದವರಿಗೆ ಪೌಲ ಕೇಳುವುದು ಇದೇ ಕಾರಣಕ್ಕೆ.

ಸರಿ, ರಾತ್ರಿ ಕೂತು ಹೇಗೆ ಮಾಡುವುದು? ನನಗೆ ಕಣ್ಣು ಮುಚ್ಚಿದರೆ ನಿದ್ದೆ ಬರುತ್ತದೆ.

ನಿದ್ದೆ ಬಂದರೆ ಮಲಗಿ. ಬೆಳಗ್ಗೆ ಮಾಡಿ. ರಾತ್ರಿಯೇ ಆಗಬೇಕು ಎಂದು ಯಾವ ಕಾನೂನೂ ಇಲ್ಲ.

ಕ್ರೈಸ್ತರಲ್ಲಿ ತುಂಬಾ ಜನ ಬಳಸುವ ಕ್ರಮ ಲೊಯೋಲದ ಇನ್ಯಾಸಿಯವರದು. ಸ್ಪೇನಿನ ಸೈನಿಕ. 1521ರಲ್ಲಿ ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಗುಂಡೇಟಿಗೆ ಕಾಲು ಮುರಿದು, ಹಾಸಿಗೆ ಹಿಡಿದು, ಅಲ್ಲಿ ಮನಸ್ಸು ತಿರುಗಿದವರು. ಮುಂದೆ ಯೇಸುಸಭೆ (ಜೆಸ್ವಿಟ್ ಗುರುಗಳ ಸಂಘ) ಕಟ್ಟಿದರು. ಅವರು ಬರೆದ ಪ್ರಾರ್ಥನೆಯ ಕೈಪಿಡಿಗೆ 1548ರಲ್ಲಿ ಪೋಪ್ ಮೂರನೇ ಪೌಲರ ಒಪ್ಪಿಗೆ ಸಿಕ್ಕಿತು. ದಿನದ ಪರೀಕ್ಷೆಗೆ ಅದರಲ್ಲಿ ಐದು ಹೆಜ್ಜೆಗಳಿವೆ. ಮೊದಲು ದಿನಕ್ಕಾಗಿ ದೇವರಿಗೆ ಕೃತಜ್ಞತೆ ಹೇಳುವುದು. ಆಮೇಲೆ ನನ್ನ ತಪ್ಪು ನನಗೆ ಕಾಣಿಸು ಎಂದು ಬೇಡುವುದು. ಮೂರನೆಯದು ಎದ್ದ ಹೊತ್ತಿನಿಂದ ಈಗಿನವರೆಗೆ ಗಂಟೆ ಗಂಟೆಯಾಗಿ ನೋಡುತ್ತಾ ಬರುವುದು. ನಂತರ ಕ್ಷಮೆ ಕೇಳುವುದು. ಕೊನೆಗೆ ನಾಳೆಗೆ ಒಂದು ನಿರ್ಧಾರ.

ಇದರಲ್ಲಿ ನಮ್ಮವರು ಯಾವಾಗಲೂ ಹಾರಿಸುವುದು ಮೊದಲನೆಯ ಹೆಜ್ಜೆ. ನೇರ ತಪ್ಪಿಗೆ ಹೋಗುತ್ತೇವೆ. ಆದರೆ ಕೃತಜ್ಞತೆ ಸುಮ್ನೆ ಮರ್ಯಾದೆಗೆ ಇಟ್ಟದ್ದಲ್ಲ. ಇವತ್ತು ನನಗೆ ಯಾರೋ ಬಸ್ಸಿನಲ್ಲಿ ಸೀಟು ಬಿಟ್ಟರು, ಮಗಳು ಫೋನ್ ಮಾಡಿದಳು, ಬಿಪಿ ಮಾತ್ರೆ ನುಂಗುವುದನ್ನು ಹೆಂಡತಿ ನೆನಪಿಸಿದಳು. ಇಷ್ಟು ನೆನೆದ ಮೇಲೆ ನಮ್ಮ ತಪ್ಪು ನೋಡಿದರೆ ಅದು ಬೇರೆಯೇ ಕಾಣುತ್ತದೆ. ಇಷ್ಟೆಲ್ಲ ಪಡೆದವನು ಸಂಜೆ ವಾಚ್‌ಮನ್ ಮೇಲೆ ಕೂಗಾಡಿದೆ ಎನ್ನುವುದು ತಾನಾಗಿ ಎದುರಿಗೆ ಬಂದು ನಿಲ್ಲುತ್ತದೆ.

ಮೂರನೇ ಹೆಜ್ಜೆಯಲ್ಲಿ ಒಂದು ಎಚ್ಚರ. "ನಾನು ಪ್ರೀತಿಯಲ್ಲಿ ಕಡಿಮೆ ಇದ್ದೇನೆ" ಎಂಬಂಥ ದೊಡ್ಡ ಮಾತು ಬೇಡ. ಅದನ್ನು ಹೇಳಲು ಖರ್ಚಿಲ್ಲ. ಬೆಳಗ್ಗೆ ಎಂಟಕ್ಕೆ ಅಡುಗೆಮನೆಯಲ್ಲಿ ಅತ್ತೆಗೆ ಏನಂದೆ, ಮಧ್ಯಾಹ್ನ ಆಫೀಸಿನಲ್ಲಿ ಯಾರ ಕೆಲಸವನ್ನು ನನ್ನದೆಂದು ತೋರಿಸಿದೆ, ಹೀಗೆ ಜಾಗ, ಹೊತ್ತು, ಮನುಷ್ಯರ ಜೊತೆ ನೋಡಿ. ಹಾಗೆಯೇ ಮಾಡದೆ ಬಿಟ್ಟದ್ದನ್ನೂ ನೋಡಿ. ಮತ್ತಾಯ 25ರ ಕಡೇ ತೀರ್ಪಿನ ಚಿತ್ರದಲ್ಲಿ ಎಡಗಡೆ ನಿಂತವರ ಮೇಲಿನ ದೂರೆಲ್ಲ ಮಾಡದ ಕೆಲಸಗಳದ್ದೇ. ಊಟ ಕೊಡಲಿಲ್ಲ, ನೀರು ಕೊಡಲಿಲ್ಲ, ನೋಡಲು ಬರಲಿಲ್ಲ.

ಹತ್ತು ನಿಮಿಷ ಸಾಕು. ಜಾಸ್ತಿ ಹೊತ್ತು ಕೂತರೆ ಜಾಸ್ತಿ ಪವಿತ್ರರಾಗುತ್ತೇವೆ ಎಂದೇನಿಲ್ಲ.

ನಾನು ಕೂತು ಯೋಚಿಸಿದರೆ ನನಗೆ ದೊಡ್ಡ ತಪ್ಪೇನೂ ಕಾಣುವುದಿಲ್ಲ. ಏನು ಮಾಡಲಿ?

ಇದನ್ನು ನೇರವಾಗಿ ಕೇಳಿದ್ದೇ ದೊಡ್ಡದು. ತುಂಬಾ ಜನರಿಗೆ ಹೀಗೇ ಇರುತ್ತದೆ, ಹೇಳುವುದಿಲ್ಲ ಅಷ್ಟೆ.

ಅರಸ ದಾವೀದನಿಗೂ ಕಂಡಿರಲಿಲ್ಲ. ತನ್ನ ಸೈನಿಕ ಊರೀಯನ ಹೆಂಡತಿಯನ್ನು ಕರೆಸಿಕೊಂಡ, ಊರೀಯನನ್ನು ಯುದ್ಧದಲ್ಲಿ ಸಾಯಿಸಿದ. ಮಗು ಹುಟ್ಟುವವರೆಗೂ ಅವನು ಪಶ್ಚಾತ್ತಾಪಪಟ್ಟ ಸುದ್ದಿಯೇ ಇಲ್ಲ. ಪ್ರವಾದಿ ನಾತಾನ ಬಂದು ಒಬ್ಬ ಬಡವನ ಒಂದೇ ಕುರಿಮರಿಯನ್ನು ಸಾಹುಕಾರನೊಬ್ಬ ಕಿತ್ತುಕೊಂಡ ಕಥೆ ಹೇಳಿದ. ದಾವೀದನಿಗೆ ಕೋಪ ಉಕ್ಕಿತು. ಆ ಮನುಷ್ಯ ಸಾಯಬೇಕು ಎಂದ. ಆ ಮನುಷ್ಯ ನೀನೇ ಎಂದ ನಾತಾನ. ಗಮನಿಸಿ, ದಾವೀದನಿಗೆ ನ್ಯಾಯಬುದ್ಧಿ ಕಡಿಮೆ ಇರಲಿಲ್ಲ. ಬೇರೆಯವನ ವಿಷಯದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಇದರಿಂದ ಒಂದು ಉಪಾಯ ಸಿಗುತ್ತದೆ. ಯಾರ ಯಾವ ತಪ್ಪು ಕಂಡರೆ ನಿಮಗೆ ಅಳತೆ ಮೀರಿ ಸಿಟ್ಟು ಬರುತ್ತದೆ ಎಂದು ನೋಡಿ. ಅಲ್ಲಿಂದ ಹುಡುಕಲು ಶುರು ಮಾಡಿ. ಎಲ್ಲ ಸಲವೂ ಅದೇ ತಪ್ಪು ನಮ್ಮಲ್ಲೂ ಇರುತ್ತದೆ ಎಂದಲ್ಲ, ಆದರೆ ಆಗಾಗ ಇರುತ್ತದೆ. ಇನ್ನೊಂದು ಉಪಾಯ ಜಾಸ್ತಿ ಕಷ್ಟ. ನಿಮ್ಮ ಜೊತೆ ಒಂದೇ ಮನೆಯಲ್ಲಿ ಇರುವವರನ್ನು ಕೇಳಿ. "ನನ್ನ ಯಾವ ಗುಣದಿಂದ ನಿಮಗೆ ನೋವಾಗುತ್ತದೆ?" ಕೇಳಿದ ಮೇಲೆ ಉತ್ತರಕ್ಕೆ ಉತ್ತರ ಕೊಡಬೇಡಿ.

ಮೆಥಡಿಸ್ಟ್ ಚಳವಳಿಯ ಜಾನ್ ವೆಸ್ಲಿ 1738ರಲ್ಲೇ ಇದಕ್ಕೆ ಚಿಕ್ಕ ಗುಂಪುಗಳನ್ನು ಮಾಡಿ ನಿಯಮ ಬರೆದರು. ವಾರಕ್ಕೊಮ್ಮೆ ಸೇರಿ, ಹಿಂದಿನ ಸಲ ಸೇರಿದ ಮೇಲೆ ಮಾಡಿದ ತಪ್ಪನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸುವುದು. ಹಳೇ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ್ದು ವೆಸ್ಲಿಯನ್ ಮಿಷನ್. ಅವರ ಸಭೆಗಳು 1947ರಲ್ಲಿ ಸಿಎಸ್‌ಐಗೆ ಸೇರಿದವು. ಸಭೆ ಉಳಿದಿದೆ, ಈ ಗುಂಪಿನ ಅಭ್ಯಾಸ ಮಾತ್ರ ಈಗ ಕಾಣುವುದು ಅಪರೂಪ. ನಂಬಿಕಸ್ಥ ಮೂರ್ನಾಲ್ಕು ಜನ ಇದ್ದರೆ ಮತ್ತೆ ಶುರು ಮಾಡಬಹುದು.

ನನ್ನ ಕಷ್ಟ ಉಲ್ಟಾ. ತಪ್ಪು ಬಿಟ್ಟು ಬೇರೇನೂ ಕಾಣುವುದಿಲ್ಲ. ಪಾಪನಿವೇದನೆ ಮಾಡಿ ಬಂದರೂ ಏನೋ ಬಿಟ್ಟುಹೋಯಿತು ಎಂದು ಮತ್ತೆ ಹೋಗಬೇಕು ಅನ್ನಿಸುತ್ತದೆ.

ಹಾಗಿದ್ದರೆ ನೀವು ಆತ್ಮಶೋಧನೆ ಕಡಿಮೆ ಮಾಡಬೇಕು. ಹೌದು, ಕಡಿಮೆ.

ಈ ದಾರಿಯಲ್ಲಿ ನಿಮಗಿಂತ ಮುಂಚೆ ಹೋದವರಿದ್ದಾರೆ. ಇನ್ಯಾಸಿ 1522ರಲ್ಲಿ ಮನ್ರೇಸ ಎಂಬ ಊರಿನಲ್ಲಿದ್ದಾಗ ಇದೇ ಕಾಟ. ಒಮ್ಮೆ ಹೇಳಿದ ಪಾಪವನ್ನೇ ಮತ್ತೆ ಮತ್ತೆ ಹೇಳಿದರೂ ಸಮಾಧಾನವಿಲ್ಲ. ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂದಿತ್ತು ಎಂದು ಮುಂದೆ ಅವರೇ ಹೇಳಿದ್ದಾರೆ. ಹಳೆಯ ಪಾಪಗಳನ್ನು ಇನ್ನು ಎತ್ತುವುದಿಲ್ಲ ಎಂದು ತೀರ್ಮಾನಿಸಿದ ಮೇಲೇ ಅವರಿಗೆ ಬಿಡುಗಡೆ. ಪ್ರೊಟೆಸ್ಟೆಂಟ್ ಸುಧಾರಣೆಗೆ ಮುಂದೆ ಕಾರಣರಾದ ಮಾರ್ಟಿನ್ ಲೂಥರ್ ಮಠದಲ್ಲಿದ್ದಾಗ ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದರು. ಅವರ ಹಿರಿಯರಾದ ಸ್ಟೌಪಿಟ್ಸ್ ಅವರು ಪಾಪದ ಪಟ್ಟಿಯಿಂದ ಕಣ್ಣು ತೆಗೆದು ಕ್ರಿಸ್ತನ ಗಾಯಗಳ ಕಡೆ ನೋಡು ಎನ್ನುತ್ತಿದ್ದರು. ಇಬ್ಬರೂ ಮುಂದೆ ಎದುರುಬದುರು ಪಾಳಯಗಳ ದೊಡ್ಡ ಹೆಸರಾದರು. ಈ ಒಂದು ಸಂಕಟ ಮಾತ್ರ ಇಬ್ಬರಿಗೂ ಒಂದೇ.

ಮಾಡಬೇಕಾದ್ದು ಇಷ್ಟು. ಒಬ್ಬರೇ ಫಾದರ್ ಅಥವಾ ಒಬ್ಬರೇ ಪಾಸ್ಟರ್ ಇರಲಿ. ಅವರು ಸಾಕು ಎಂದರೆ ಸಾಕು. ನಮ್ಮ ಮನಸ್ಸು ನಮ್ಮ ಮೇಲೆ ದೂರು ಹೇಳಿದರೂ ದೇವರು ನಮ್ಮ ಮನಸ್ಸಿಗಿಂತ ದೊಡ್ಡವನು ಎಂದು 1 ಯೋಹಾನ 3:20 ಹೇಳುತ್ತದೆ. ಇಷ್ಟಾದರೂ ಯೋಚನೆ ನಿಲ್ಲದೆ ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ ಡಾಕ್ಟರನ್ನು ನೋಡಿ. ಅದು ಗೀಳಿನ ಕಾಯಿಲೆ ಇರಬಹುದು, ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ ಹತ್ತಿರ ಹೋದರೆ ನಂಬಿಕೆ ಕಡಿಮೆ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಒಬ್ಬರ ಬಗ್ಗೆ ಗೊತ್ತಾದ ವಿಷಯವನ್ನು ಪ್ರಾರ್ಥನೆಗಾಗಿ ಗುಂಪಿನಲ್ಲಿ ಹಂಚಿಕೊಂಡರೆ ತಪ್ಪಾ?

"ನಾನು ಯಾರ ಬಗ್ಗೆಯೂ ಕೆಟ್ಟದಾಗಿ ಹೇಳುತ್ತಿಲ್ಲ, ಪ್ರಾರ್ಥನೆ ಮಾಡಿ ಅಂತ ಅಷ್ಟೇ." ನಮ್ಮ ಸಭೆಗಳಲ್ಲಿ ಚಾಡಿ ಒಳಗೆ ಬರುವ ಮುಖ್ಯ ಬಾಗಿಲು ಇದು ಎಂದು ನನ್ನ ಅಭಿಪ್ರಾಯ. ವಾಟ್ಸಾಪ್ ಬಂದ ಮೇಲೆ ಬಾಗಿಲು ಇನ್ನೂ ಅಗಲವಾಗಿದೆ. "ಇಂಥವರ ಮಗಳಿಗಾಗಿ ಪ್ರಾರ್ಥಿಸಿ, ಮನೆ ಬಿಟ್ಟು ಹೋಗಿದ್ದಾಳೆ." ಹತ್ತು ನಿಮಿಷದಲ್ಲಿ ಇನ್ನೂರು ಜನಕ್ಕೆ ಗೊತ್ತು. ಅವರಲ್ಲಿ ಪ್ರಾರ್ಥಿಸಿದವರು ಎಷ್ಟು, ಫೋನ್ ಮಾಡಿ "ಯಾರ ಜೊತೆ ಅಂತೆ?" ಎಂದು ಕೇಳಿದವರು ಎಷ್ಟು, ನೀವೇ ಊಹಿಸಿ.

1992ರ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥ ಇಲ್ಲಿ ಮೂರು ತಪ್ಪುಗಳನ್ನು ಬೇರೆ ಬೇರೆ ಮಾಡಿ ಹೇಳುತ್ತದೆ. ಸಾಕಷ್ಟು ಆಧಾರವಿಲ್ಲದೆ ಒಬ್ಬರ ತಪ್ಪನ್ನು ಮನಸ್ಸಿನಲ್ಲೇ ನಿಜ ಎಂದುಕೊಳ್ಳುವುದು ಒಂದು. ಸುಳ್ಳು ಹೇಳಿ ಹೆಸರು ಕೆಡಿಸುವುದು ಇನ್ನೊಂದು. ಮೂರನೆಯದು ನಮ್ಮವರಿಗೆ ಆಶ್ಚರ್ಯ ತರುವಂಥದ್ದು. ನಿಜವಾದ ತಪ್ಪನ್ನೇ ತಕ್ಕ ಕಾರಣವಿಲ್ಲದೆ, ಗೊತ್ತಿಲ್ಲದವರಿಗೆ ಹೇಳುವುದು. "ನಾನು ಹೇಳಿದ್ದು ನಿಜಾನೇ ಅಲ್ವಾ?" ಎನ್ನುವುದು ಇಲ್ಲಿ ನಡೆಯುವುದಿಲ್ಲ.

ಪ್ರಾರ್ಥನೆ ಬೇಕಿದ್ದರೆ ಹೆಸರಿಲ್ಲದೆ ಕೇಳಿ, ಅಥವಾ ಆ ಮನೆಯವರನ್ನೇ ಕೇಳಿ, ಅವರು ಹೂಂ ಎಂದರೆ ಹಾಕಿ.

ಇನ್ನೊಬ್ಬರ ನಡತೆಗೆ ಒಳ್ಳೆಯ ಅರ್ಥವನ್ನೇ ಕೊಡಬೇಕು ಅನ್ನುತ್ತಾರೆ. ಅದು ಪೆದ್ದುತನ ಅಲ್ವಾ?

6ನೇ ಶತಮಾನದಲ್ಲಿ ಗಾಜಾದ ಮಠವೊಂದರಲ್ಲಿ ದೊರೊಥೆಯಸ್ ಎಂಬ ಗುರು ಶಿಷ್ಯರಿಗೆ ಒಂದು ಉದಾಹರಣೆ ಕೊಟ್ಟರು. ರಾತ್ರಿ ಒಬ್ಬ ಒಂದು ಕಡೆ ನಿಂತಿದ್ದಾನೆ. ಮೂರು ಜನ ಅವನನ್ನು ನೋಡುತ್ತಾರೆ. ಒಬ್ಬ, ಹೆಣ್ಣಿಗಾಗಿ ಕಾಯುತ್ತಿದ್ದಾನೆ ಎಂದುಕೊಳ್ಳುತ್ತಾನೆ. ಇನ್ನೊಬ್ಬ, ಕಳ್ಳ ಎಂದುಕೊಳ್ಳುತ್ತಾನೆ. ಮತ್ತೊಬ್ಬ, ಗೆಳೆಯನನ್ನು ಕರೆದುಕೊಂಡು ಪ್ರಾರ್ಥನೆಗೆ ಹೋಗಲು ಕಾಯುತ್ತಿದ್ದಾನೆ ಎಂದುಕೊಳ್ಳುತ್ತಾನೆ. ನಿಂತವನು ಒಬ್ಬನೇ. ಮೂವರೂ ಅವನಲ್ಲಿ ಕಂಡದ್ದು ತಮ್ಮ ತಮ್ಮ ಒಳಗಿದ್ದದ್ದನ್ನು.

ಲೂಥರ್ ಕೂಡ 1529ರಲ್ಲಿ ಮನೆಮಂದಿಗಾಗಿ ಬರೆದ ಚಿಕ್ಕ ಪ್ರಶ್ನೋತ್ತರದಲ್ಲಿ, ಸುಳ್ಳುಸಾಕ್ಷಿ ಹೇಳಬಾರದು ಎಂಬ ಆಜ್ಞೆಗೆ ಇದೇ ಅರ್ಥ ಕೊಡುತ್ತಾರೆ. ನೆರೆಯವನ ಪರವಾಗಿ ಮಾತಾಡಬೇಕು, ಅವನು ಮಾಡಿದ್ದನ್ನು ಆದಷ್ಟು ಒಳ್ಳೆಯ ರೀತಿಯಲ್ಲಿ ತಿಳಿದುಕೊಳ್ಳಬೇಕು ಎಂದು. ಹಾಗೆಂದು ಬಾಗಿಲಿಗೆ ಬೀಗ ಹಾಕಬೇಡಿ ಎಂದು ಇವರು ಯಾರೂ ಹೇಳಿಲ್ಲ. ಬೀಗ ಹಾಕಿ. ದಾರಿಯಲ್ಲಿ ಹೋಗುವವನನ್ನು ಕಳ್ಳ ಅನ್ನಬೇಡಿ.

ಮರುಭೂಮಿಯ ತಪಸ್ವಿಗಳ ತೂತು ಬಿದ್ದ ಗಡಿಗೆ ಕಥೆ ಏನು? ಪ್ರಸಂಗದಲ್ಲಿ ಅರ್ಧ ಕೇಳಿದ್ದೆ.

4ನೇ ಶತಮಾನದ ಈಜಿಪ್ಟಿನ ಕಥೆ. ಸ್ಕೇಟಿಸ್ ಎಂಬ ಮರುಭೂಮಿಯಲ್ಲಿ ಸಾಧಕರು ಗುಡಿಸಲು ಹಾಕಿಕೊಂಡಿದ್ದರು. ಅಲ್ಲಿ ಅಬ್ಬಾ (ಅಂದರೆ ತಂದೆ) ಮೋಸೆಸ್ ಎಂಬ ಹಿರಿಯರಿದ್ದರು. ಇಥಿಯೋಪ್ಯ ಮೂಲದ ಕಪ್ಪು ಮನುಷ್ಯ, ಮೊದಲು ದರೋಡೆಕೋರ. ಸಾಧಕರಲ್ಲಿ ಒಬ್ಬ ತಪ್ಪು ಮಾಡಿದ ಎಂದು ಪಂಚಾಯಿತಿ ಸೇರಿತು. ಮೋಸೆಸ್ ಹೋಗಲಿಲ್ಲ. ಎಲ್ಲರೂ ಕಾಯುತ್ತಿದ್ದಾರೆ ಎಂದು ಹೇಳಿಕಳಿಸಿದರು. ಆಗ ತೂತು ಬಿದ್ದ ಗಡಿಗೆಗೆ ನೀರು ತುಂಬಿ ಹೊತ್ತುಕೊಂಡು ಹೊರಟರು. ಇದೇನು ಎಂದು ಕೇಳಿದರೆ, ನನ್ನ ಪಾಪ ಹಿಂದೆ ಸೋರುತ್ತಾ ಬರುತ್ತಿದೆ, ನನಗೆ ಕಾಣುತ್ತಿಲ್ಲ, ನಾನು ಇನ್ನೊಬ್ಬನ ತಪ್ಪಿಗೆ ತೀರ್ಪು ಕೊಡಲು ಬಂದಿದ್ದೇನೆ ಎಂದರು. ಪಂಚಾಯಿತಿಯವರು ಆ ಸಾಧಕನಿಗೆ ಏನೂ ಹೇಳದೆ ಕ್ಷಮಿಸಿದರು.

ಈ ತಪಸ್ವಿಗಳ ಕಥೆಗಳ ಸಂಗ್ರಹದಲ್ಲೇ ನನಗೆ ಇನ್ನೂ ಇಷ್ಟವಾದ ಚಿಕ್ಕ ಕಥೆ ಇದೆ. ಪಾಪ ಮಾಡಿದ ಒಬ್ಬನನ್ನು ಪಾದ್ರಿ ಚರ್ಚಿನಿಂದ ಹೊರಗೆ ಕಳಿಸಿದರು. ಅಬ್ಬಾ ಬೆಸಾರಿಯನ್ ಎದ್ದು, ನಾನೂ ಪಾಪಿಯೇ ಎಂದು ಹೇಳಿ ಅವನ ಜೊತೆ ಹೊರಗೆ ನಡೆದರು. ಪ್ರಸಂಗ ಮಾಡಲಿಲ್ಲ, ಪಾದ್ರಿಯ ಜೊತೆ ಜಗಳವನ್ನೂ ಆಡಲಿಲ್ಲ.

ಕಲ್ಲೆಸೆಯಲು ಹಿಡಿದುತಂದ ಹೆಂಗಸಿನ ಕಥೆ ಹಳೆಯ ಪ್ರತಿಗಳಲ್ಲಿ ಇಲ್ಲವಂತೆ, ನಿಜವಾ?

ನಿಜ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದವಳನ್ನು ಯೇಸುವಿನ ಮುಂದೆ ತಂದಾಗ, ಪಾಪವಿಲ್ಲದವನು ಮೊದಲ ಕಲ್ಲು ಎಸೆಯಲಿ ಎಂದು ಅವರು ಹೇಳಿದ ಕಥೆ ಅದು. ಯೋಹಾನ 8ರ ಆ ಭಾಗ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರೀಕ್ ಪ್ರತಿಗಳಲ್ಲಿ ಇಲ್ಲ. ಹೆಚ್ಚಿನ ಬೈಬಲ್‌ಗಳಲ್ಲಿ ಕೆಳಗೆ ಟಿಪ್ಪಣಿ ಹಾಕಿರುತ್ತಾರೆ. ಆದರೂ ಸಭೆ ಅದನ್ನು ಬಹಳ ಕಾಲದಿಂದ ಓದಿಕೊಂಡು ಬಂದಿದೆ. ಯೇಸುವಿನ ಬಗ್ಗೆ ಉಳಿದ ಸುವಾರ್ತೆಗಳು ಹೇಳುವುದಕ್ಕೆ ಅದು ಚೆನ್ನಾಗಿ ಹೊಂದುತ್ತದೆ.

ನಾವು ಅಲ್ಲಿ ಕೇಳದ ಪ್ರಶ್ನೆ ಒಂದಿದೆ. ಗಂಡಸು ಎಲ್ಲಿ? ಮೋಶೆಯ ಧರ್ಮಶಾಸ್ತ್ರ ಇಬ್ಬರಿಗೂ ಶಿಕ್ಷೆ ಹೇಳುತ್ತದೆ. ಹಿಡಿದುತಂದವರು ಒಬ್ಬಳನ್ನೇ ತಂದಿದ್ದರು. ನಮ್ಮ ಊರುಗಳಲ್ಲೂ ಹುಡುಗ ಹುಡುಗಿಯ ವಿಷಯ ಬಂದಾಗ ಹುಡುಗಿಯ ಹೆಸರೇ ಬೀದಿಗೆ ಬರುತ್ತದೆ, ಅಲ್ವಾ? ಯಾರ ತಪ್ಪು ನಮ್ಮ ಕಣ್ಣಿಗೆ ಬೇಗ ಬೀಳುತ್ತದೆ ಎಂಬುದನ್ನೂ ಆತ್ಮಶೋಧನೆಯಲ್ಲಿ ಸೇರಿಸಿಕೊಳ್ಳಬೇಕು.

ಒಬ್ಬರಿಗೆ ಅವರ ತಪ್ಪು ಹೇಳಲೇಬೇಕಾದರೆ ಹೇಗೆ ಹೇಳುವುದು?

ಒಬ್ಬರೇ ಹೋಗಿ, ಅವರೊಬ್ಬರೇ ಇರುವಾಗ ಹೇಳಿ. ಮತ್ತಾಯ 18ರ ಕ್ರಮ ಇದು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ. ಆಮೇಲೆ ಸಭೆ. ನಾವು ಇದನ್ನು ತಿರುಗಿಸಿ ಮಾಡುತ್ತೇವೆ. ಮೊದಲು ಸಭೆಗೆಲ್ಲ ಗೊತ್ತು, ಕೊನೆಗೆ ಆ ಮನುಷ್ಯನಿಗೆ. ಗಲಾತ್ಯ 6:1 ಶಾಂತಭಾವದಿಂದ ತಿದ್ದಿ ಎನ್ನುತ್ತದೆ, ಅದೇ ಉಸಿರಿನಲ್ಲಿ ನೀನೂ ಬೀಳದ ಹಾಗೆ ನೋಡಿಕೋ ಎನ್ನುತ್ತದೆ. ಹೇಳಲು ಹೋಗುವಾಗ ಒಳಗೊಳಗೇ ಖುಷಿ ಆಗುತ್ತಿದ್ದರೆ ಇವತ್ತು ಹೋಗಬೇಡಿ.

ನನಗೆ ಹೊಡೆಯುವ ಗಂಡನ ಬಗ್ಗೆ ಹೇಳಿದರೆ "ತೀರ್ಪು ಮಾಡಬೇಡ, ಕ್ಷಮಿಸು" ಅನ್ನುತ್ತಾರೆ. ನಾನು ಸುಮ್ಮನಿರಬೇಕಾ?

ಬೇಡ. ಇದು ಮೆಲ್ಲಗೆ ಕೇಳುವ ಪ್ರಶ್ನೆಗಳಲ್ಲಿ ಒಂದು, ಅದಕ್ಕೇ ಜೋರಾಗಿ ಉತ್ತರಿಸುತ್ತಿದ್ದೇನೆ.

ಯೇಸು ತೊಲೆಯ ಮಾತು ಹೇಳಿದ್ದು ಇನ್ನೊಬ್ಬರ ಸಣ್ಣ ತಪ್ಪು ಹುಡುಕುತ್ತಿದ್ದವರಿಗೆ. ಏಟು ತಿನ್ನುತ್ತಿರುವವರ ಬಾಯಿ ಮುಚ್ಚಿಸಲು ಹೇಳಿದ್ದಲ್ಲ. ಆ ವಚನವನ್ನು ಬಲವಿದ್ದವರು ತಮ್ಮ ರಕ್ಷಣೆಗೆ ಬಳಸುವುದನ್ನು ನಾವು ಸಭೆಗಳಲ್ಲಿ ಬಹಳ ನೋಡಿದ್ದೇವೆ. ನಿಮ್ಮ ಮೇಲೆ ನಡೆದದ್ದನ್ನು ನಡೆದ ಹಾಗೆ ಹೇಳುವುದು ತೀರ್ಪಲ್ಲ, ಸಾಕ್ಷಿ. ನೀವು ಸುರಕ್ಷಿತ ಜಾಗಕ್ಕೆ ಹೋಗುವುದು ಪಾಪವಲ್ಲ. ಅವರು ಬದಲಾಗಲಿ ಎಂದು ಆಸೆಪಡುವುದಕ್ಕೆ ಅದೇ ಮನೆಯಲ್ಲಿ ಇರಬೇಕಾಗಿಲ್ಲ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಮಕ್ಕಳ ವಿಷಯದಲ್ಲಂತೂ ಆಯ್ಕೆಯೇ ಇಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆದದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098. ತಪ್ಪು ಮಾಡಿದವರು ಸಂಡೇ ಸ್ಕೂಲ್ ಟೀಚರ್ ಇರಲಿ, ಪಾಸ್ಟರ್ ಇರಲಿ, ಸಭೆಯ ಮಾನ ಹೋಗುತ್ತದೆ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ಕರುಣೆ ಮೊದಲು ಸಲ್ಲಬೇಕಾದ್ದು ಆ ಮಗುವಿಗೆ.

ಅಂಥ ದೊಡ್ಡ ಅನ್ಯಾಯ ಅಲ್ಲ, ಆದರೆ ಅಣ್ಣ ಆಸ್ತಿಯಲ್ಲಿ ಮೋಸ ಮಾಡಿದ. ಕ್ಷಮಿಸಬೇಕು ಅನ್ನುವವರಿಗೆ ನನ್ನ ನೋವು ಚಿಕ್ಕದಾಗಿ ಕಾಣುತ್ತದೆ.

ಯೇಸುವಿಗೆ ಹಾಗೆ ಕಂಡಿರಲಿಲ್ಲ. ಮತ್ತಾಯ 18ರಲ್ಲಿ ಸಾಲದ ಕಥೆ ಹೇಳಿದಾಗ ಅವರು ಕೊಟ್ಟ ಲೆಕ್ಕ ನೋಡಿ. ಒಬ್ಬ ಆಳು ಅರಸನಿಗೆ 10,000 ತಲಾಂತು ಕೊಡಬೇಕು. ಅರಸ ಅದನ್ನು ಮನ್ನಾ ಮಾಡಿದ. ಅದೇ ಆಳಿಗೆ ಜೊತೆ ಆಳೊಬ್ಬ 100 ದಿನಾರಿ ಕೊಡಬೇಕು, ಅದನ್ನು ಇವನು ಬಿಡಲಿಲ್ಲ. ದಿನಾರಿ ಎಂದರೆ ಒಂದು ದಿನದ ಕೂಲಿ. ತಲಾಂತು ಎಂದರೆ ಸುಮಾರು 6,000 ದಿನಾರಿ. ಹಾಗಾದರೆ ಮೊದಲನೆಯವನ ಸಾಲ 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ 2 ಲಕ್ಷ ವರ್ಷ ಬೇಕು.

ಈ ಕಥೆ ಹೇಳುವಾಗ ನಾವು ಎರಡನೇ ಸಾಲವನ್ನು ಪುಡಿಗಾಸು ಎಂದುಬಿಡುತ್ತೇವೆ. ಅದು ಪುಡಿಗಾಸಲ್ಲ. ನೂರು ದಿನದ ಕೂಲಿ. ಇವತ್ತು ದಿನಕ್ಕೆ 500 ರೂಪಾಯಿ ಹಿಡಿದರೂ 50,000. ಕೂಲಿ ಮಾಡುವ ಮನೆಗೆ ಅದು ಮಗಳ ಕಾಲೇಜು ಫೀಸು. ಯೇಸು ನಿಮ್ಮ ನಷ್ಟ ಸುಳ್ಳು ಎನ್ನುತ್ತಿಲ್ಲ. ಅದನ್ನು ಇನ್ನೊಂದು ಸಾಲದ ಪಕ್ಕದಲ್ಲಿ ಇಟ್ಟು ನೋಡು ಎನ್ನುತ್ತಿದ್ದಾರೆ.

ಕೋರ್ಟಿಗೆ ಹೋಗಬಾರದಾ ಎಂದು ಮುಂದಿನ ಪ್ರಶ್ನೆ ಬರುತ್ತದೆ. ವಿಶ್ವಾಸಿಗಳು ತಮ್ಮತಮ್ಮೊಳಗೆ ಕೋರ್ಟಿಗೆ ಹೋಗುವುದು ಪೌಲನಿಗೆ ಇಷ್ಟವಿರಲಿಲ್ಲ, 1 ಕೊರಿಂಥ 6ರಲ್ಲಿ ಹೇಳಿದ್ದಾನೆ. ಮೊದಲು ಹಿರಿಯರ ಮುಂದೆ ಪ್ರಯತ್ನಿಸಿ. ಅಲ್ಲಿ ಆಗದಿದ್ದರೆ, ಪಾಲು ಕೇಳಿಕೊಂಡೂ ಅಣ್ಣನ ನಾಶ ಬಯಸದೆ ಇರಲು ಸಾಧ್ಯ ಎಂದು ನನ್ನ ಅನಿಸಿಕೆ. ಕಷ್ಟ, ಆದರೆ ಸಾಧ್ಯ. ಅವರ ಮನೆ ಮದುವೆಗೆ ಹೋಗುತ್ತೀರಾ ಎಂಬುದರಲ್ಲಿ ಗೊತ್ತಾಗುತ್ತದೆ.

ಕರ್ತನ ಭೋಜನಕ್ಕೆ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು) ಮುಂಚೆ ಪರೀಕ್ಷಿಸಿಕೊಳ್ಳಬೇಕು ಎಂದಿದೆ. ಮನಸ್ಸು ಶುದ್ಧ ಇಲ್ಲ ಎಂದು ನಾನು ತೆಗೆದುಕೊಳ್ಳುವುದೇ ಇಲ್ಲ.

1 ಕೊರಿಂಥ 11:28ನ್ನು ಒಂದೇ ಓದಿದರೆ ಹಾಗೆ ಹೆದರಿಕೆ ಆಗುತ್ತದೆ. ಹತ್ತು ವಚನ ಹಿಂದಿನಿಂದ ಓದಿ. ಕೊರಿಂಥದಲ್ಲಿ ಆಗುತ್ತಿದ್ದದ್ದು ಇದು. ಸಭೆ ಊಟಕ್ಕೆ ಸೇರಿದಾಗ ಉಳ್ಳವರು ತಮ್ಮದನ್ನು ತಾವೇ ಮೊದಲು ತಿಂದು ಕುಡಿದು ಮತ್ತರಾಗುತ್ತಿದ್ದರು. ಇಲ್ಲದವರು ಹಸಿದೇ ಕೂರುತ್ತಿದ್ದರು. ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಎಂದು ಪೌಲ ಸಿಟ್ಟಾಗಿದ್ದು ಅದಕ್ಕೆ. ಪರೀಕ್ಷಿಸಿಕೊಳ್ಳಿ ಎಂಬ ಮಾತು ಬರುವುದು ಆ ಸಿಟ್ಟಿನ ನಡುವೆ. ಅಂದರೆ ಅಲ್ಲಿನ ಮೊದಲ ಪ್ರಶ್ನೆ, ಈ ಮೇಜಿನಲ್ಲಿ ನನ್ನ ಪಕ್ಕ ಕೂತವರನ್ನು ನಾನು ಹೇಗೆ ಕಂಡೆ ಎಂಬುದು.

ಇಲ್ಲಿ ನಮ್ಮವರು ತಮ್ಮನ್ನು ಪರೀಕ್ಷಿಸಿಕೊಳ್ಳಲು ದೂರ ಹೋಗಬೇಕಿಲ್ಲ. ಒಂದೇ ಬಟ್ಟಲಿನಿಂದ ಕುಡಿಯುತ್ತೇವೆ. ಮಗನಿಗೆ ಹೆಣ್ಣು ನೋಡುವಾಗ ಮಾತ್ರ "ಮೊದಲು ಯಾವ ಜನ?" ಎಂದು ಕೇಳುತ್ತೇವೆ. ಆ ಪ್ರಶ್ನೆ ಕೇಳಿದವರು ಸುಲಭವಾಗಿ ಎದ್ದು ಮೇಜಿನ ಹತ್ತಿರ ಹೋಗುತ್ತಾರೆ. ಪ್ರಾರ್ಥನೆಯಲ್ಲಿ ಮನಸ್ಸು ಅಲೆದಾಡಿತು ಎಂದು ನೀವು ಕೂತಲ್ಲೇ ಕೂರುತ್ತೀರಿ. ನೀವು ಎದ್ದು ಹೋಗಿ. ಮನಸ್ಸಿನಲ್ಲಿ ಭಾರವಾದ ಪಾಪವಿದ್ದರೆ ಕ್ಯಾಥೊಲಿಕ್ಕರು ಮೊದಲು ಪಾಪನಿವೇದನೆಗೆ ಹೋಗಬೇಕು ಎಂಬ ನಿಯಮವಿದೆ, ಅದನ್ನು ಪಾಲಿಸಿ. ಮಿಕ್ಕಂತೆ ಇದು ಬಹುಮಾನವಲ್ಲ, ಊಟ.

ಕ್ಯಾಥೊಲಿಕ್, ಪ್ರೊಟೆಸ್ಟೆಂಟ್, ಆರ್ಥೊಡಾಕ್ಸ್ ಇವರಲ್ಲಿ ಏನು ವ್ಯತ್ಯಾಸ?

ಕ್ಯಾಥೊಲಿಕ್ಕರು ಗುರುವಿನ ಹತ್ತಿರ ಪಾಪನಿವೇದನೆ ಮಾಡುತ್ತಾರೆ. ವರ್ಷಕ್ಕೆ ಒಮ್ಮೆಯಾದರೂ ಮಾಡಬೇಕು ಎಂದು 1215ರ ಲ್ಯಾಟರನ್ ಮಹಾಸಭೆ ನಿಯಮ ಮಾಡಿತು. ಪ್ರೊಟೆಸ್ಟೆಂಟರಲ್ಲಿ ಹೆಚ್ಚಾಗಿ ಆರಾಧನೆಯಲ್ಲಿ ಎಲ್ಲರೂ ಒಟ್ಟಿಗೆ ಅರಿಕೆ ಮಾಡುತ್ತಾರೆ, ಉಳಿದದ್ದು ದೇವರ ಹತ್ತಿರ ನೇರ. ಆರ್ಥೊಡಾಕ್ಸರದ್ದು ನನಗೆ ತುಂಬಾ ಇಷ್ಟ. ಗ್ರೀಕ್, ರಷ್ಯನ್ ಸಭೆಗಳಲ್ಲಿ ಲೆಂಟ್ ದಿನಗಳ ಪ್ರಾರ್ಥನೆಯೊಂದಿದೆ. ಸಿರಿಯಾದ ಎಫ್ರೇಮರದು ಎಂದು ಪರಂಪರೆ ಹೇಳುತ್ತದೆ. ನನ್ನ ತಪ್ಪು ನನಗೆ ಕಾಣಿಸು, ನನ್ನ ಸಹೋದರನಿಗೆ ನಾನು ತೀರ್ಪು ಮಾಡದಂತೆ ನೋಡಿಕೋ ಎಂದು ಒಟ್ಟಿಗೇ ಕೇಳುತ್ತಾರೆ, ನೆಲಕ್ಕೆ ಹಣೆ ಹಚ್ಚಿ. ಕೇರಳ ಮೂಲದ ಮಲಂಕರ ಸಿರಿಯನ್ನರಲ್ಲಿ ದೊಡ್ಡ ಉಪವಾಸದ (ಲೆಂಟ್) ಮೊದಲ ಸೋಮವಾರ ಶುಬ್ಕೋನೋ ಎಂಬ ಆರಾಧನೆ ಇದೆ. ಅಲ್ಲಿ ಪಾದ್ರಿ ಸಮೇತ ಎಲ್ಲರೂ ಒಬ್ಬರಿಂದ ಒಬ್ಬರು ಕ್ಷಮೆ ಕೇಳುತ್ತಾರೆ. ಬೆಂಗಳೂರಿನಲ್ಲಿ ಅವರ ಚರ್ಚುಗಳು ಇವೆ, ಒಮ್ಮೆ ಹೋಗಿ ನೋಡಿ.

ಬೇರೆ ಧರ್ಮದವರ ನಡತೆ ಬಗ್ಗೆ?

ಹೊರಗಿನವರ ವಿಷಯದಲ್ಲಿ ತೀರ್ಪು ಮಾಡುವುದು ನನ್ನ ಕೆಲಸವೇ ಎಂದು ಪೌಲನೇ ಕೇಳುತ್ತಾನೆ, 1 ಕೊರಿಂಥ 5:12. ಅಷ್ಟೆ.

ಮಕ್ಕಳಿಗೆ ಇದನ್ನು ಕಲಿಸಬೇಕಾ?

ಮಲಗುವ ಮುಂಚೆ ಎರಡು ಪ್ರಶ್ನೆ ಸಾಕು. ಇವತ್ತು ಯಾವುದು ಚೆನ್ನಾಗಿತ್ತು? ಯಾರಿಗಾದರೂ ಸಾರಿ ಹೇಳಬೇಕಾ? ನೀವೂ ಅವರ ಮುಂದೆ ಉತ್ತರ ಕೊಡಬೇಕು. ಅವರು ಹೇಳಿದ್ದನ್ನು ಮಾರನೇ ದಿನ ಬೈಯಲು ಬಳಸಿದರೆ ಆ ಮಗು ಮತ್ತೆ ಬಾಯಿ ಬಿಡುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಬರೆದಿಡಬೇಕಾ?

ಬೇಕಿದ್ದರೆ. ಇನ್ಯಾಸಿ ಒಂದು ನಿರ್ದಿಷ್ಟ ತಪ್ಪನ್ನು ಹಿಡಿದು, ವಾರದ ಪ್ರತಿ ದಿನಕ್ಕೂ ಎರಡು ಗೆರೆ ಹಾಕಿ, ಬಿದ್ದಾಗಲೆಲ್ಲ ಒಂದು ಚುಕ್ಕೆ ಇಡಲು ಹೇಳಿದ್ದರು. ಹಗಲಲ್ಲಿ ತಪ್ಪಿದ ತಕ್ಷಣ ಎದೆಯ ಮೇಲೆ ಕೈ ಇಟ್ಟುಕೊಳ್ಳಿ, ಜನರ ನಡುವೆ ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಹೇಳಿದ್ದಾರೆ. ಒಂದು ಸಲಕ್ಕೆ ಒಂದೇ ತಪ್ಪು ಹಿಡಿಯಿರಿ. ಫೋನಿನಲ್ಲಿ ಬೇಡ, ಚಿಕ್ಕ ಪುಸ್ತಕ ಒಳ್ಳೆಯದು. ತಿಂಗಳಾದ ಮೇಲೆ ಹರಿದುಹಾಕಿ. ಯಾರಾದರೂ ಅದನ್ನು ತೆರೆದು ಓದಿದರೂ ನಿಮ್ಮ ಅತ್ತೆಯ ಬಗ್ಗೆ, ನಾದಿನಿಯ ಬಗ್ಗೆ ಒಂದು ಸಾಲೂ ಸಿಗಬಾರದು.